ಕೊಂಗ್ ಫೋಟೊಗೆ ಕೂತದ್ದು

ತೊಂಗ್ಯೊಂಗ್ ಬಂದರಿನ ಶೆಡ್ಡಿನಲ್ಲಿ ಸಿಂಪಿಯ ಚಿಪ್ಪು ಬಿಡಿಸಿ ಮಾಂಸ ತೆಗೆಯುವ ಮಾಲ್‌ಸುನ್ ಅಜ್ಜಿಗೆ ಫೋಟೊ ಸ್ಟುಡಿಯೋದವರನ್ನು ಕಂಡರಾಗದು. ಗಂಡ ತೀರಿಕೊಂಡಾಗ ಮನೆಯಲ್ಲಿದ್ದದ್ದು ಗುರುತಿನ ಚೀಟಿಯ ಫೋಟೊ ಒಂದೇ. ಸ್ಟುಡಿಯೋದವನು ಅದನ್ನೇ ದೊಡ್ಡದು ಮಾಡಿ, ಕೋಟು ತೊಡಿಸಿ, ಟೈ ಕಟ್ಟಿ, ಕೆನ್ನೆಯ ಗಾಯದ ಕಲೆ ಅಳಿಸಿ, ಸುಕ್ಕನ್ನೆಲ್ಲ ಇಸ್ತ್ರಿ ಹೊಡೆದಂತೆ ತೆಗೆದುಬಿಟ್ಟ. ನಮ್ಮ ಕಡೆ ಎಲ್ಲರಿಗೂ ಮಾಡುವುದು ಹಾಗೆಯೇ; ಸತ್ತವರು ಚೆನ್ನಾಗಿ ಕಾಣಬೇಕಂತೆ! ತಿಥಿಯ ದಿನ ಆ ಫೋಟೊದ ಮುಂದೆ ಅನ್ನ, ಮೀನು ಇಟ್ಟು ಅಡ್ಡಬೀಳುವಾಗೆಲ್ಲ ಅಜ್ಜಿಗೆ ಯಾವನೋ ಬ್ಯಾಂಕ್ ಮ್ಯಾನೇಜರಿಗೆ ಬಡಿಸಿದಂತಾಗುತ್ತಿತ್ತು. ಅದು ಹೋಗಲಿ, ಅದನ್ನೇ ನೋಡಿ ನೋಡಿ ಗಂಡನ ನಿಜವಾದ ಮುಖ ಮರೆಯುತ್ತ ಬಂದಿತ್ತು. ಆ ಸಂಕಟವನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಈಗ ಅವಳ ಕರಿ ನಾಯಿ ಕೊಂಗ್‌ಗೆ ವಯಸ್ಸಾಗಿತ್ತು. ಮೂತಿಯ ಸುತ್ತ ಬಿಳಿ ಗಡ್ಡ, ಎಡಗಣ್ಣಿಗೆ ಪೊರೆ. ಇದರದ್ದಾದರೂ ಇದ್ದ ಹಾಗಿನ ಮುಖ ಉಳಿಯಲಿ ಎಂದು, ಫೋಟೊ ನೋಡಿ ಚಿತ್ರ ಬರೆಯುವ ಬುಸಾನಿನ ಹ್ಯೊನ್‌ಸೊ ಎಂಬ ಹುಡುಗಿಗೆ ಕೆಲಸ ಒಪ್ಪಿಸಿದಳು. ಮೊಬೈಲಿನಲ್ಲಿದ್ದ ಫೋಟೊಗಳನ್ನೆಲ್ಲ ಕಳಿಸಿದ್ದಾಯಿತು. ಹ್ಯೊನ್‌ಸೊ ಫೋನ್ ಮಾಡಿದಳು.

“ಅಜ್ಜಿ, ನಾಯಿ ಎಲ್ಲಿದೆ ಇದ್ರಲ್ಲಿ? ಕಪ್ಪು ಚೀಲ ಇಟ್ಟಂಗಿದೆ.”

“ಕಿವಿ ಕಾಣಲ್ವೇನಮ್ಮ?”

“ಕಿವಿ ಕಾಣುತ್ತೆ, ಮುಖ ಕಾಣಲ್ಲ. ನಿಂತ್ಕೊಂಡು ತೆಗೀಬೇಡಿ, ಅದರ ಕಣ್ಣಿನ ಎತ್ತರಕ್ಕೆ ಬಗ್ಗಿ. ಫ್ಲ್ಯಾಶ್ ಬೇಡ. ಕಿಟಕಿ ಹತ್ರ ಕೂರಿಸಿ, ಬೆಳಕು ಪಕ್ಕದಿಂದ ಬೀಳ್ಲಿ. ತೀರಾ ಹತ್ರ ಹೋದ್ರೆ ಮೂಗು ಊದ್ಕೊಂಡಂಗೆ ಬರುತ್ತೆ.”

“ಬಗ್ಗೋದೇನೋ ಬಗ್ತೀನಿ, ಆಮೇಲೆ ನನ್ನ ಎಬ್ಬಿಸೋರು ಯಾರು?”

ಎಬ್ಬಿಸಲು ರಜೆಯ ದಿನ ಶೆಡ್ಡಿನ ಗೆಳತಿ ತೊಕ್ಜಾ ಬಂದಳು. ಅಷ್ಟು ಹೊತ್ತಿಗೆ ಅಜ್ಜಿ ನಾಯಿಗೆ ಸ್ನಾನ ಮಾಡಿಸಿ, ಬಾಚಿ, ಕೆದರಿದ ಗಡ್ಡ ಕತ್ತರಿಸಿ, ಕೊರಳಿಗೆ ಕೆಂಪು ವಸ್ತ್ರ ಕಟ್ಟಿದ್ದಳು. ಅವಳು ಬೋರಲು ಮಲಗಿದ್ದೇ ತಡ, ಏನೋ ಎಡವಟ್ಟಾಗಿದೆ ಎಂದುಕೊಂಡ ಕೊಂಗ್ ಓಡಿಬಂದು ಮುಖ, ಮೊಬೈಲು ಎಲ್ಲ ನೆಕ್ಕಿತು. ತೊಕ್ಜಾ ಒಣಮೀನಿನ ಚೂರು ಎತ್ತಿ ಹಿಡಿದ ಮೇಲೆ ಸುಮ್ಮನೆ ಕೂತಿತು.

“ಬಲಗಡೆಯಿಂದ್ಲೇ ತೆಗೀತೀನಿ, ಪೊರೆ ಬರಬಾರ್ದು,” ಎಂದಳು ಅಜ್ಜಿ.

ತೊಕ್ಜಾ ನಕ್ಕಳು. “ಇನ್ನೊಂದು ಟೈ ಕಟ್ಬಿಡಕ್ಕ. ಭಾವನ ಫೋಟೊ ಪಕ್ಕದಲ್ಲೇ ಇಡಬಹುದು!”

ಅಜ್ಜಿಯ ಮುಖ ಸಪ್ಪಗಾಯಿತು. ಸ್ಟುಡಿಯೋದವನಿಗೆ ಇಷ್ಟು ವರ್ಷ ಹಿಡಿಶಾಪ ಹಾಕಿದವಳು ತಾನೇ ಕೂತು ಮಾಡಿದ್ದೇನು? ಎದ್ದು ಕೊರಳಿನ ವಸ್ತ್ರ ಬಿಚ್ಚಿ ಮೂಲೆಗೆಸೆದಳು. ಕತ್ತರಿಸಿದ ಗಡ್ಡವನ್ನು ಮಾತ್ರ ಮತ್ತೆ ಅಂಟಿಸುವಂತಿರಲಿಲ್ಲ. ಅದು ಬೆಳೆಯಲು ಕಾಯಬೇಕು. ಕೊಂಗ್ ಆಗಲೇ ಊಟ ಕಡಿಮೆ ಮಾಡಿತ್ತು. ಬೆಳಿಗ್ಗೆ ಎದ್ದ ಕೂಡಲೇ ಅಜ್ಜಿ ಮೊದಲು ಅದರ ಹೊಟ್ಟೆ ಮೇಲೆ ಕೈಯಿಟ್ಟು ಉಸಿರು ನೋಡುತ್ತಿದ್ದಳು, ಆಮೇಲೆ ಗಡ್ಡ ಸವರುತ್ತಿದ್ದಳು. ಚಳಿಗಾಲ ಹೀಗೇ ಕಳೆಯಿತು.

ನಾಯಿ ಉಳಿಯಿತು, ಗಡ್ಡವೂ ಬಂತು. ಈ ಸಲ ಸ್ನಾನವಿಲ್ಲ, ಬಾಚಣಿಗೆಯಿಲ್ಲ. ಅಜ್ಜಿ ನೆಲಕ್ಕೆ ಮಲಗಿ ನೇರ ಎದುರಿನಿಂದಲೇ ತೆಗೆದು ಕಳಿಸಿದಳು.

“ತುಂಬಾ ಚೆನ್ನಾಗಿ ಬಂದಿದೆ ಅಜ್ಜಿ,” ಎಂದಳು ಹ್ಯೊನ್‌ಸೊ. “ಎಡಗಣ್ಣಿನ ಚಿಂತೆ ಬಿಡಿ. ಇನ್ನೊಂದರ ಹಾಗೇ ಕಪ್ಪಗೆ ಬರೆದುಬಿಡ್ತೀನಿ. ಎಲ್ರೂ ಹಾಗೇ ಕೇಳ್ತಾರೆ.”

“ಬೇಡಮ್ಮ, ಬೇಡ. ಬೆಳಿಗ್ಗೆ ಸಂಜೆ ತಲೆ ತೊಡೆ ಮೇಲೆ ಇಟ್ಕೊಂಡು, ರೆಪ್ಪೆ ಬಿಡಿಸಿ ಔಷಧಿ ಹಾಕೋದು ಆ ಕಣ್ಣಿಗೇ. ನಾನು ಅದರ ಮುಖದಲ್ಲಿ ಹೆಚ್ಚು ನೋಡಿರೋದೇ ಆ ಕಣ್ಣನ್ನ.”



“ಹಾಗಾದ್ರೆ ಆ ಕಣ್ಣಿನದ್ದೇ ಇನ್ನೊಂದು ಫೋಟೊ ಬೇಕು ಅಜ್ಜಿ,” ಎಂದಳು ಹ್ಯೊನ್‌ಸೊ. “ಪೊರೆಯ ಬಿಳಿ ಹೇಗಿದೆ ಅಂತ ಸರಿಯಾಗಿ ನೋಡ್ಬೇಕು.”