ಅತ್ತೆಯ ವಾಯು, ಬೀಡಿಯ ಮೊಣಕಾಲು

ಕಳೆದ ಸೋಮವಾರ ಬೆಳಿಗ್ಗೆ ಬೀಡಿ ಎಂಬ ಹಳ್ಳಿಯಿಂದ ಮೂವರು ಹೆಂಗಸರು ಬುತ್ತಿ ಕಟ್ಟಿಕೊಂಡು, ಖಾನಾಪುರದಲ್ಲಿ ಬಸ್ಸು ಬದಲಿಸಿ, ಬೆಳಗಾವಿಯ ಅನಗೋಳದ ನಮ್ಮ ಮನೆಗೆ ಬಂದಿಳಿದರು. ಮೂವರಿಗೂ ವಾಯುವಿನಿಂದ ಮೊಣಕಾಲು ನೋವು. ಬೇಡಿಕೆ ಮಾತ್ರ ಒಂದೇ: ಪದ್ಮವ್ವನಿಗೆ ಹಚ್ಚಿದ ಸಲೈನ್ ನಮಗೂ ಹಚ್ಚಿಸಿ.

ಪದ್ಮವ್ವ ನನ್ನ ಸೋದರತ್ತೆ, ಬೀಡಿಯವಳು; ಚಿಕಿತ್ಸೆಗೆಂದು ನಮ್ಮ ಮನೆಯಲ್ಲಿದ್ದಾಳೆ. ಆಕೆಗೆ ಕ್ಯಾನ್ಸರ್. ಎದೆಯಲ್ಲಿದ್ದದ್ದು ಈಗ ಸೊಂಟದ ಎಲುಬಿಗೂ ಹರಡಿದೆ. ಇದು ನಮಗೆಲ್ಲ ಗೊತ್ತು, ಪೇಪರ್ ಹಾಕುವವನಿಗೂ ಗೊತ್ತು. (ಗುಟ್ಟು ಕಾಪಾಡುವುದರಲ್ಲಿ ನಮ್ಮ ಮನೆತನ ಹೀಗೆ.) ಗೊತ್ತಿಲ್ಲದವಳು ಅತ್ತೆ ಒಬ್ಬಳೇ. ಮೊದಲು ಎದೆಯ ಗಂಟು ತೆಗೆಸಿದಾಗ 'ಕೆಟ್ಟ ರಕ್ತ' ಎಂದಿದ್ದೆವು. ಈ ಸಲ ಹಿರಿಯರೆಲ್ಲ ಮೀಟಿಂಗ್ ಕೂತು, ಚಹಾ ಕುಡಿದು, 'ವಾಯು' ಎಂದು ಠರಾವು ಪಾಸು ಮಾಡಿದರು. ಧೈರ್ಯ ಕುಗ್ಗಬಾರದಲ್ಲ? (ಯಾರದ್ದು ಎಂದು ಕೇಳಬೇಡಿ.)

ಹೊಸ ಔಷಧವೊಂದು ಬಂದಿದೆ. ತಿಂಗಳಿಗೊಮ್ಮೆ ಸಲೈನಿನಲ್ಲಿ ಬಿಡುತ್ತಾರೆ. ಅದು ಎಲ್ಲೂ ಅಡ್ಡಾಡದೆ ಎಲುಬನ್ನೇ ಹುಡುಕಿಕೊಂಡು ಹೋಗುತ್ತದಂತೆ. ರೋಗ ಪೂರ್ತಿ ಹೋಗುವುದಿಲ್ಲ, ಆದರೆ ನೋವು ತಗ್ಗುತ್ತದೆ, ಎಲುಬು ಸುಲಭವಾಗಿ ಮುರಿಯುವುದಿಲ್ಲ, ನಡುವೆ ಬಿಡಬೇಡಿ ಎಂದು ಡಾಕ್ಟರು ಹೇಳಿದ್ದರು.

ಔಷಧ ಕೆಲಸ ಮಾಡಿತು. ನಮ್ಮ ಸುಳ್ಳು ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಮಗ್ಗುಲು ಬದಲಿಸಲಾಗದೆ ನರಳುತ್ತಿದ್ದ ಅತ್ತೆ ಎದ್ದು ರೊಟ್ಟಿ ಬಡಿದಳು. ಬೆಳಗಾವಿಯಲ್ಲಿ ವಾಯುವಿಗೆ ಭಾರೀ ಮದ್ದು ಸಿಗುತ್ತದೆಂದು ಊರಿಗೆಲ್ಲ ಫೋನು ಮಾಡಿದಳು. ಆಮೇಲೆ, ತನಗೆ ಆರಾಮಾಯಿತು, ಇನ್ನು ಸಲೈನ್ ಬೇಡ, ಊರಿಗೆ ಹೊರಟೆ ಎಂದು ಟ್ರಂಕು ತುಂಬತೊಡಗಿದಳು. ಹಿರಿಯರು ಮತ್ತೆ ಮೀಟಿಂಗ್ ಕೂತರು. ಚಹಾ ಖಾಲಿಯಾಯಿತು, ಅಷ್ಟೇ.

ಆ ಸೋಮವಾರವೇ ಮುಂದಿನ ಸಲೈನ್ ಇತ್ತು. ಬರುವುದಿಲ್ಲವೆಂದು ಹಟ ಹಿಡಿದಿದ್ದವಳು ಗೆಳತಿಯರ ಸಲುವಾಗಿ ನನ್ನೊಂದಿಗೆ ಆಸ್ಪತ್ರೆಗೆ ಬಂದಳು. ಡಾಕ್ಟರು ಮೂವರ ಮೊಣಕಾಲು ನೋಡಿ, ಈ ಔಷಧ ನಿಮಗಲ್ಲ, ಎಣ್ಣೆ ಹಚ್ಚಿಕೊಳ್ಳಿ ಎಂದು ಕಳಿಸಿಬಿಟ್ಟರು. ಅತ್ತೆಯನ್ನು ಮಾತ್ರ ಮಲಗಲು ಹೇಳಿದರು.

ಅತ್ತೆ ಮಲಗಲಿಲ್ಲ. ಡಾಕ್ಟರನ್ನೇ ಕೇಳಿದಳು.

"ತಮ್ಮಾ, ಅವರದೂ ವಾಯು, ನಂದೂ ವಾಯು. ಅವರಿಗೆ ಬ್ಯಾಡಂತ, ನನಗಷ್ಟ ಯಾಕ ಬೇಕಂತ?"

ಡಾಕ್ಟರು ನನ್ನನ್ನು ನೋಡಿದರು. ನಾನು ಫ್ಯಾನು ನೋಡಿದೆ. ನರ್ಸ್ ಸೂಜಿ ಹಿಡಿದು ನಿಂತಿದ್ದಳು. ಅತ್ತೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ನನ್ನ ಕಡೆ ತಿರುಗಿದಳು.

"ಖರೇ ಏನೈತಿ ಹೇಳು. ಆಮ್ಯಾಲೆ ಕೈ ಕೊಡ್ತೀನಿ."

ಹೇಳಿದೆ. ದುಃಖಕ್ಕಿಂತ ನಾಚಿಕೆಯೇ ಹೆಚ್ಚಾಗಿತ್ತು. ಅತ್ತೆ ಮಲಗಿ ಕೈ ಚಾಚಿದಳು. ಧೈರ್ಯ ಕುಗ್ಗಿದ್ದು ನನ್ನದೇ.

ಔಷಧ ಯಾರನ್ನೂ ಕೇಳದೆ ನೇರ ಆಕೆಯ ಎಲುಬು ಮುಟ್ಟಿತು. ಅದೇ ಮನೆಯಲ್ಲಿರುವ ನಮ್ಮದೊಂದು ಮಾತು ಆಕೆಯ ಕಿವಿ ಮುಟ್ಟಲು ಬೀಡಿಯಿಂದ ಮೂವರು ಕುಂಟಿಕೊಂಡು ಬರಬೇಕಾಯಿತೆ?