ಸ್ಲಿದರ್ ಅಂದರೇನು?

“ಅವ್ವಾ, ಅಜ್ಜಿ ಮಂಚದ ಕೆಳಗೆ ಏನೋ ಸ್ಲಿದರ್ ಆಗ್ತೈತೆ” ಎಂದಳು ಏಳನೇ ತರಗತಿಯ ಮಗಳು. ದೇವಸಮುದ್ರದ ನಮ್ಮ ಮನೆಯಲ್ಲಿ ಆಗಷ್ಟೇ ದೀಪ ಹಚ್ಚಿ ಮುದ್ದೆಗೆ ಎಸರಿಟ್ಟಿದ್ದೆ.

“ಕನ್ನಡದಾಗೆ ಹೇಳೇ, ಹಂಗಂದ್ರೇನು?” ಎಂದು ಗದರಿದೆ. ಅವಳು ಅಂಗೈಯನ್ನು ಗೋಡೆಗೆ ಒತ್ತಿ, ಎತ್ತದೆ, ಅಂಕುಡೊಂಕಾಗಿ ಮುಂದಕ್ಕೆ ಸರಿಸಿ ತೋರಿಸಿದಳು. ಒಲೆ ಬಿಟ್ಟು ಎದ್ದೆ.

ಪಡಸಾಲೆಗೆ ಬಂದರೆ ಅತ್ತೆ ಮಂಚದಿಂದ ಇಳಿಯಲು ಹೊರಟಿದ್ದರು. ಅವರ ಚಪ್ಪಲಿ ಪಕ್ಕದಲ್ಲೇ ನಾಗರಹಾವು ಹರಿಯುತ್ತಿತ್ತು.

“ಅತ್ತೆ, ನೆಲ ಒರೆಸ್ತೀನಿ, ಕಾಲು ಮ್ಯಾಲಿಟ್ಕೊಳ್ರಿ” ಎಂದೆ. ಅವರು ಗೊಣಗುತ್ತಲೇ ಕಾಲು ಮಡಚಿ ಕೂತರು. ಮಗಳು ಓಡಿಹೋಗಿ ಪಕ್ಕದ ಮನೆಯ ಕುರಿಗಾಹಿಯನ್ನು ಕರೆತಂದಳು. ಆತ ಕೋಲಿನಿಂದ ಹಾವನ್ನು ಹೊರಗೆ ಸಾಗಹಾಕುವವರೆಗೂ ನಾನು ಅತ್ತೆಯ ಕಾಲು ಕೆಳಗಿಳಿಯದಂತೆ ನೋಡಿಕೊಂಡು ನಿಂತಿದ್ದೆ.

“ಹಾವು ಅಂತ ಕೂಗೋಕೇನಾಗಿತ್ತು?” ಎಂದು ಮಗಳನ್ನು ಕೇಳಿದೆ.

“ಕೂಗಿದ್ರೆ ಅಜ್ಜಿ ಹೆದ್ರಿ ಕೆಳಗಿಳಿದುಬಿಡ್ತಿತ್ತು. ಅಜ್ಜಿಗೆ ಇಂಗ್ಲಿಷ್ ಬರಲ್ಲ ಅಂತ ಹಂಗಂದೆ. ನಿಂಗೂ ಬರಲ್ಲ ಅನ್ನೋದು ಮರ್ತೇ ಹೋಗಿತ್ತು.”

ಮಗಳ ಜಾಣತನ ನೆನೆದು ಹೆಮ್ಮೆಯಾಗುತ್ತದೆ. ಆದರೂ ಕರೆಂಟು ಹೋದಾಗಲೆಲ್ಲ, ನನ್ನದೇ ಸೆರಗು ನೆಲಕ್ಕೆ ಸರಿದ ಸದ್ದಿಗೂ ಬೆಚ್ಚಿ ಟಾರ್ಚಿಗೆ ಕೈಹಾಕುತ್ತೇನೆ.