ಗಿಣಿಮೂಗಿನ ಮನೆಯ ಮಗಳು

ಕೊರೊನಾ ಹೋಯಿತು, ಊರಿನವರೆಲ್ಲ ಮಾಸ್ಕು ಕಿತ್ತು ತಿಪ್ಪೆಗೆ ಎಸೆದರು. ಅಫಜಲಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬ್ಲೌಸು ಹೊಲಿಯುವ ಭಾಗ್ಯಜ್ಯೋತಿ ಮಾತ್ರ ಅದಾದ ಮರುವರ್ಷದಿಂದ ಹಾಕಿಕೊಳ್ಳಲು ಶುರುಮಾಡಿದಳು. ಕೇಳಿದವರಿಗೆ ಧೂಳಿನ ಅಲರ್ಜಿ ಎನ್ನುತ್ತಿದ್ದಳು. ಚಹಾ ಕುಡಿಯುವಾಗ ಗೋಡೆಯ ಕಡೆ ತಿರುಗಿ ಕುಳಿತುಕೊಳ್ಳುತ್ತಿದ್ದಳು, ಮದುವೆ ಮನೆಗೆ ಹೋದರೆ ಉಣ್ಣದೆ ಬರುತ್ತಿದ್ದಳು. ಜನ ನಂಬಿದಂತೆ ಮಾಡಿದರು. ನಂಬುವುದಕ್ಕೆ ಅವರೇನು ದಡ್ಡರೆ? ಅವಳು ಬ್ಯಾಂಕಾಕಿಗೆ ಹೋಗಿ ಮೂಗು ಮಾಡಿಸಿಕೊಂಡು ಬಂದದ್ದು ಭೀಮಾ ನದಿಯ ಎರಡೂ ದಂಡೆಗೆ ಗೊತ್ತಿತ್ತು.

ಮಾಸ್ಕಿನ ಒಳಗೆ ಇದ್ದದ್ದು ಇಷ್ಟು. ಮೂಗಿನ ನಡುಭಾಗ ಯಾರೋ ಹೆಬ್ಬೆರಳಿಟ್ಟು ಒತ್ತಿದಂತೆ ಒಳಕ್ಕೆ ಕುಸಿದಿತ್ತು. ತುದಿ ಎಡಕ್ಕೆ ಹೊರಳಿತ್ತು. ಒಂದು ಹೊಳ್ಳೆ ಮುಚ್ಚಿಕೊಂಡು, ಮೆಟ್ಟಿಲು ಹತ್ತಿದರೆ ಸಾಕು ಬಾಯಿ ತೆರೆದು ಉಸಿರಾಡಬೇಕಾಗುತ್ತಿತ್ತು. ನಲವತ್ತೊಂದರ ವಯಸ್ಸಿಗೆ ಅವಳು ದೇವರನ್ನು ಕೇಳುತ್ತಿದ್ದದ್ದು ಒಂದೇ, ಕಳೆದುಕೊಂಡ ಮೂಗನ್ನು ವಾಪಸು ಕೊಡಪ್ಪಾ ಎಂದು. ಚಂದದ ಮೂಗಲ್ಲ, ಮೊದಲು ಇದ್ದದ್ದು.

ಅವಳ ತವರು ಆಳಂದ ತಾಲ್ಲೂಕಿನ ಕಿಣ್ಣಿ ಸುಲ್ತಾನ. ಅಲ್ಲಿ ಅವರ ಮನೆಯನ್ನು ಗಿಣಿಮೂಗಿನವರ ಮನೆ ಎಂದರೇ ಜನಕ್ಕೆ ತಿಳಿಯುವುದು. ಅಪ್ಪ ಕಲ್ಯಾಣಪ್ಪನ ಮೂಗು ಹುಬ್ಬುಗಳ ನಡುವಿನಿಂದಲೇ ಎದ್ದು, ಮಧ್ಯೆ ಗೂನಾಗಿ, ಮೀಸೆಯ ಮೇಲೆ ಬಾಗಿ ನಿಂತಿತ್ತು. ಹಣೆಗೆ ವಿಭೂತಿ ಬಳಿದು ರುಮಾಲು ಸುತ್ತಿ ಅವನು ಪಂಚಾಯ್ತಿ ಕಟ್ಟೆಗೆ ಬಂದರೆ ಕೂತವರು ಎದ್ದು ನಿಲ್ಲುತ್ತಿದ್ದರು. ಅದೇ ಮೂಗು ಗಂಡಸಿನ ಮುಖದ ಮೇಲೆ ಗತ್ತು, ಹೆಣ್ಣಿನ ಮುಖದ ಮೇಲೆ ಗ್ರಹಚಾರ. ಈ ನ್ಯಾಯ ಮಾಡಿದವರು ಯಾರೋ, ಅವರ ಕೈ ಸೇದಿಹೋಗಲಿ. ಅಣ್ಣ ಕಲ್ಲಿನಾಥ ಅವ್ವನನ್ನು ಹೋಲಿ ಚಪ್ಪಟೆ ಮೂಗಿನವನಾದ. ಮಗಳು ಮಾತ್ರ ಅಪ್ಪನ ಅಚ್ಚು.

ಅವಳಿಗೆ ಗಂಡು ನೋಡುವ ಕಾಲಕ್ಕೆ ಆಳಂದದ ಫೋಟೋ ಸ್ಟುಡಿಯೋಕ್ಕೆ ಕಂಪ್ಯೂಟರು ಬಂದಿತ್ತು. ಸ್ಟುಡಿಯೋದ ದತ್ತಪ್ಪ ಒಳ್ಳೆಯ ಮನುಷ್ಯ. ಯಾರೂ ಕೇಳದಿದ್ದರೂ ಹುಡುಗಿಯ ಪುಣ್ಯಕ್ಕೆ ಎಂದು ಮೂಗಿನ ಗೂನನ್ನು ಅಳಿಸಿ, ತುದಿಯನ್ನು ಒಂದಿಷ್ಟು ಎತ್ತಿ, ಮುಖಕ್ಕೆ ಬೆಳಕು ಬಳಿದು ಕೊಟ್ಟ. ನಮ್ಮ ಕಡೆ ಕನ್ಯೆಯ ಫೋಟೋ ಹೀಗೆ ತಿದ್ದದೆ ಕೊಟ್ಟರೆ ಸ್ಟುಡಿಯೋದವನಿಗೆ ಕೆಲಸ ಬರುವುದಿಲ್ಲ ಎಂದೇ ತಿಳಿಯುತ್ತಾರೆ. ಆ ಫೋಟೋ ಹಿಡಿದುಕೊಂಡು ಅಫಜಲಪುರದಿಂದ ಗಂಗಾಬಾಯಿ ತನ್ನ ಮಗ ಅನೀಲಕುಮಾರನನ್ನು ಕರೆದುಕೊಂಡು ಬಂದಳು. ಫೋಟೋ ನೋಡಿದಳು, ಹುಡುಗಿಯನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಮನೆತನ ಒಳ್ಳೆಯದಿತ್ತು, ಹುಡುಗಿಯ ಕೈಯಲ್ಲಿ ಹೊಲಿಗೆ ಇತ್ತು, ಸಂಬಂಧ ಕುದುರಿತು.

ಹೊಸ್ತಿಲಲ್ಲಿ ಸೇರು ಒದ್ದು ಒಳಗೆ ಬರುವಾಗ, ನೆರೆದ ಹೆಂಗಸರ ಮುಂದೆ ಗಂಗಾಬಾಯಿ ಹೇಳಿದ ಮಾತು ಇಪ್ಪತ್ತು ವರ್ಷ ಆ ಮನೆಯಲ್ಲಿ ಬಾಳಿತು. "ಮೂಗು ಮೊದಲ ಒಳಗ ಬಂತು ನೋಡ್ರಿ, ಸೊಸಿ ಹಿಂದಿಂದ ಬಂದ್ಳು."

ಎಲ್ಲರೂ ನಕ್ಕರು. ಅನೀಲಕುಮಾರನೂ ನಕ್ಕ. ಅತ್ತೆಯ ಮಾತನ್ನು ಅವಳು ಹೇಗೋ ನುಂಗಿಕೊಂಡಳು, ಪಕ್ಕದಲ್ಲಿ ನಿಂತು ಬಾಸಿಂಗ ಕಟ್ಟಿಕೊಂಡೇ ನಕ್ಕ ಗಂಡನ ನಗುವನ್ನು ನುಂಗಲಾಗಲಿಲ್ಲ. ಆ ಮೇಲೆ ಬಂದ ಮದುವೆಯ ಆಲ್ಬಮ್ಮಿನಲ್ಲೂ ದತ್ತಪ್ಪ ಒಂದೂ ಬಿಡದಂತೆ ಎಲ್ಲ ಫೋಟೋಗಳಲ್ಲಿ ಮೂಗು ತಿದ್ದಿದ್ದ. ಆಲ್ಬಮ್ ನೋಡಿದವರು, ಇದ್ಯಾರು ಎಂದು ಕೇಳುತ್ತಿದ್ದರು.

ಎರಡು ವರ್ಷಕ್ಕೆ ಸೃಷ್ಟಿ ಹುಟ್ಟಿದಳು. ಹೆಣ್ಣು ಎಂದು ಯಾರೂ ಮುಖ ಸಿಂಡರಿಸಲಿಲ್ಲ, ಕೂಸಿನ ಗಿಣಿಮೂಗು ನೋಡಿ ಸಿಂಡರಿಸಿದರು. ಭಾಗ್ಯಜ್ಯೋತಿ ಬಾಣಂತಿ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಅತ್ತಳು. ಕೂಸಿಗೆ ಎರೆಯುವ ಮುದುಕಿ ದಿನಾ ಬಿಸಿ ಎಣ್ಣೆ ಹಚ್ಚಿ ತಲೆಯನ್ನು ದುಂಡಗೆ ತೀಡುತ್ತಾಳೆ, ಮೂಗನ್ನು ಎರಡು ಬೆರಳ ನಡುವೆ ಹಿಡಿದು ನೀವುತ್ತಾಳೆ. ಎಲ್ಲ ಮನೆಯಲ್ಲೂ ಇದು ಮೂರು ತಿಂಗಳ ಶಾಸ್ತ್ರ. ಭಾಗ್ಯಜ್ಯೋತಿ ಬಿಡಲಿಲ್ಲ. ಮುದುಕಿ ಸಾಕು ಮಾಡಿದ ಮೇಲೆ ತಾನೇ ಹಿಡಿದು ನೀವಿದಳು. ಹುಡುಗಿ ಶಾಲೆಗೆ ಹೋಗುವ ವಯಸ್ಸಿಗೆ ಬಂದರೂ ತಲೆ ಬಾಚುವಾಗ ಒಂದು ಸಲ, ಮಲಗಿಸುವಾಗ ಒಂದು ಸಲ ಮೂಗು ಒತ್ತುತ್ತಿದ್ದಳು. ಮಗಳು ಕಣ್ಣಲ್ಲಿ ನೀರು ತಂದುಕೊಂಡು, ಸಾಕವ್ವ, ನೋಯ್ತದ ಎಂದರೆ, ನಾಳೆ ನನ್ನಂತೆ ಅನ್ನಿಸಿಕೊಳ್ಳುತ್ತೀಯೇನು ಎಂದು ಗದರುತ್ತಿದ್ದಳು. ತನ್ನ ಹೊಟ್ಟೆಯ ಸಂಕಟ ಮಗಳ ಮುಖದ ಮೇಲೆ ತೀರಿಸಿಕೊಳ್ಳುತ್ತಿದ್ದೇನೆ ಎಂದು ಆ ಹೆಂಗಸಿಗೆ ಒಂದು ದಿನವೂ ಹೊಳೆಯಲಿಲ್ಲ, ಅದನ್ನು ಅವಳು ಪ್ರೀತಿ ಎಂದೇ ತಿಳಿದಿದ್ದಳು.

ಅನೀಲಕುಮಾರನದು ಗೊಬ್ಬರ, ಬೀಜ, ಎಣ್ಣೆಗಳ ಅಂಗಡಿ. ಬೆಳೆಗೆ ಹೊಡೆಯುವ ಔಷಧವನ್ನು ಇಲ್ಲಿ ಎಣ್ಣೆ ಎನ್ನುತ್ತಾರೆ. ಭೂಸನೂರಿನ ಕಬ್ಬಿನವರಿಂದ ಹಿಡಿದು ನೆಲೋಗಿಯ ತೊಗರಿಯವರವರೆಗೆ ಅವನ ಗಿರಾಕಿಗಳು. ಕೊರೊನಾ ಹೋದ ಮರುವರ್ಷ ಒಂದು ಎಣ್ಣೆ ಕಂಪನಿ ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಹೆಂಡಿರ ಸಮೇತ ಬ್ಯಾಂಕಾಕಿಗೆ ಕರೆದುಕೊಂಡು ಹೋಯಿತು. ಹೋಗುವ ಎರಡು ತಿಂಗಳ ಮೊದಲೇ ಭಾಗ್ಯಜ್ಯೋತಿ ಮೊಬೈಲಿನಲ್ಲಿ ಅಲ್ಲಿಯ ಒಂದು ಕ್ಲಿನಿಕ್ಕು ಹುಡುಕಿದ್ದಳು. ಹಿಂದಿ ಬಲ್ಲ ಏಜೆಂಟಳೊಬ್ಬಳು ದಿನಾ ಮೆಸೇಜು ಹಾಕುತ್ತಿದ್ದಳು, ಒಂದೇ ದಿನದ ಕೆಲಸ ಅಕ್ಕಾ, ನಾಲ್ಕನೇ ದಿನ ವಿಮಾನ ಹತ್ತಬಹುದು ಅಕ್ಕಾ ಎಂದು. ಹೊಲಿಗೆಯಲ್ಲಿ ಕೂಡಿಟ್ಟದ್ದು ಅವಳ ಹತ್ತಿರ ಇತ್ತು. ಗಂಡನನ್ನು ಕೇಳಿದಾಗ ಅವನು ಮೊಬೈಲಿನಿಂದ ತಲೆ ಎತ್ತದೆ, ನಿನ್ನ ರೊಕ್ಕ, ನಿನ್ನ ಮೂಗು ಎಂದ. ಬೇಡ ಎನ್ನಲಿ, ನೀನು ಹೀಗೇ ಇರು ಎನ್ನಲಿ ಎಂದು ಅವಳು ಎರಡು ದಿನ ಕಾದಳು. ಅನ್ನಲಿಲ್ಲ.

ಉಳಿದ ಡೀಲರುಗಳು ಸಮುದ್ರ ನೋಡಲು ಹೋದ ದಿನ ಅವಳು ಆಪರೇಶನ್ ಮೇಜಿನ ಮೇಲೆ ಇದ್ದಳು. ಎಂಥ ಮೂಗು ಬೇಕೆಂದು ಕೇಳಿದ್ದಕ್ಕೆ ಮೊಬೈಲಿನ ಫಿಲ್ಟರಿನಲ್ಲಿ ತೆಗೆದ ತನ್ನದೇ ಫೋಟೋ ತೋರಿಸಿದ್ದಳು. ಕೊರಳಿನ ಲಿಂಗ ತೆಗೆ ಎಂದು ನರ್ಸು ಸನ್ನೆ ಮಾಡಿದಳು. ತೋಳಿಗೆ ಕಟ್ಟಿಕೊಳ್ಳುತ್ತೇನೆ ಎಂದು ಇವಳೂ ಸನ್ನೆ ಮಾಡಿದಳು, ಅರ್ಥವಾಗಲಿಲ್ಲ. ಕೂಸಾಗಿದ್ದಾಗ ಕಟ್ಟಿದ ಲಿಂಗ ಅವತ್ತು ಮೊದಲ ಸಲ ಮೈಬಿಟ್ಟು ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು. ಮುಂದೆ ಎಲ್ಲ ಕೆಟ್ಟಾಗ ಗಂಗಾಬಾಯಿ ಇದೊಂದನ್ನೇ ಹಿಡಿದುಕೊಂಡು ಓಣಿಯೆಲ್ಲ ಹೇಳಿಕೊಂಡು ಬಂದಳು. ಹೊಸ್ತಿಲಲ್ಲಿ ತಾನು ಆಡಿದ ಮಾತು ಅವಳಿಗೆ ನೆನಪಿರಲಿಲ್ಲ.

ಮೊದಲ ಮೂರು ತಿಂಗಳು ಮೂಗು ಸಣ್ಣಗೆ, ನೇರವಾಗಿ ಇತ್ತು. ಭಾಗ್ಯಜ್ಯೋತಿ ದಿನಕ್ಕೆ ಹತ್ತು ಸಲ ಕನ್ನಡಿ ನೋಡಿದಳು. ಅತ್ತೆ ಬಾಯಿ ಮುಚ್ಚಿದಳು. ನಾಲ್ಕನೇ ತಿಂಗಳು ನಡುವೆ ಸಣ್ಣ ಗುಳಿ ಬಿತ್ತು. ಆಮೇಲೆ ಚಳಿಗಾಲದ ಹೊತ್ತಿಗೆ ಗುಳಿ ದೊಡ್ಡದಾಯಿತು, ತುದಿ ಹೊರಳಿತು. ಏಜೆಂಟಳಿಗೆ ಫೋಟೋ ಕಳಿಸಿದರೆ ಮೊದಲು ಕೈಮುಗಿದ ಚಿತ್ರ ಬಂತು, ಆಮೇಲೆ ಕೆಂಪು ಹೃದಯ ಬಂತು, ಆಮೇಲೆ ನಂಬರೇ ಬ್ಲಾಕಾಯಿತು. ಸಾವಿರಾರು ಮೈಲಿ ದೂರದ ದೇಶದ ಮೇಲೆ ಅಫಜಲಪುರದ ದರ್ಜಿ ಹೆಂಗಸು ಯಾವ ಠಾಣೆಯಲ್ಲಿ ದೂರು ಕೊಡಬೇಕು? ಅನೀಲಕುಮಾರ ಒಂದು ದಿನವೂ ಬೈಯಲಿಲ್ಲ. ಮುಖ ನೋಡುವುದನ್ನೇ ಬಿಟ್ಟ.

ಹೊಲಿಗೆ ಅಂಗಡಿಯಲ್ಲಿ ಅವಳ ಜೊತೆ ಸೀರೆಗೆ ಫಾಲು ಹಚ್ಚುವ ಗೌಸಿಯಾಬೇಗಂ ಮಾತ್ರ ಒಂದು ದಿನ ಮಾಸ್ಕು ಇಳಿಸಿ ನೋಡಿದಳು. ನೋಡಿ, ಅಯ್ಯೋ ಪಾಪ ಎನ್ನಲಿಲ್ಲ, ಬೈದಳು. ಬೇರೆಯವರು ಕೆಡಿಸಿದ ಬ್ಲೌಸು ಸರಿ ಮಾಡಿಸಲು ಬಂದವರ ಜೊತೆ, ಒಳಗೆ ಬಟ್ಟೆ ಬಿಟ್ಟಿಲ್ಲ, ಪೂರಾ ಕತ್ತರಿಸಿಬಿಟ್ಟಿದ್ದಾರೆ, ಇನ್ನು ನಾನೇನು ಮಾಡಲಿ ಎಂದು ನೀನೇ ಜಗಳವಾಡುತ್ತಿದ್ದೆಯಲ್ಲ, ನಿನ್ನ ಮುಖದ ಹೊತ್ತಿಗೆ ಆ ಅಕ್ಕಲು ಎಲ್ಲಿ ಹೋಗಿತ್ತು ಎಂದು ಕೇಳಿದಳು. ಬೈದು, ಸೋಲಾಪುರದಲ್ಲಿ ತನ್ನ ಬಳಗದ ಹೆಂಗಸಿನ ಸುಟ್ಟ ಕಿವಿ ಸರಿ ಮಾಡಿದ ಡಾಕ್ಟರ ನಂಬರು ಕೊಟ್ಟಳು.

ಕಲಬುರಗಿಯಲ್ಲಿ ಇಬ್ಬರು ಡಾಕ್ಟರು ಆಗಲೇ ಕೈ ಚೆಲ್ಲಿದ್ದರು. ಸೋಲಾಪುರದ ಡಾಕ್ಟರ್ ಸುಧೀರ ಕೈ ಚೆಲ್ಲಲಿಲ್ಲ, ಆಸೆಯನ್ನೂ ಹುಟ್ಟಿಸಲಿಲ್ಲ. ತೆಗೆಯಬೇಕಾದ್ದಕ್ಕಿಂತ ಹೆಚ್ಚು ಎಲುಬು ತೆಗೆದಿದ್ದಾರೆ ಎಂದ. ಪಕ್ಕೆಲುಬಿನ ತುದಿಯ ಮೆತ್ತನೆ ಎಲುಬು ತೆಗೆದು ಮೂಗು ಕಟ್ಟಬೇಕು, ಒಂದೇ ಸಲ ಮಾಡಬಹುದು, ಎರಡನೇ ಸಲಕ್ಕೆ ಚರ್ಮ ತಾಳುವುದಿಲ್ಲ ಎಂದ. ಸಿನಿಮಾದವರ ಮೂಗು ಕಟ್ಟಲು ಹೋದರೆ ಈ ಮುಖದಲ್ಲಿ ನಿಲ್ಲುವುದಿಲ್ಲ, ಮೊದಲು ಇದ್ದ ಮೂಗಿಗೆ ಎಷ್ಟು ಹತ್ತಿರ ಹೋಗುತ್ತೇವೋ ಅಷ್ಟು ಒಳ್ಳೆಯದು, ಹಳೇ ಫೋಟೋ ತನ್ನಿ, ಎದುರಿಂದ ಒಂದು, ಬದಿಯಿಂದ ಎರಡು ಎಂದ.

ಭಾಗ್ಯಜ್ಯೋತಿ ಮನೆಗೆ ಬಂದು ಟ್ರಂಕು ತೆಗೆದಳು. ಮದುವೆಯ ಆಲ್ಬಮ್ಮಿನ ಎಪ್ಪತ್ತು ಫೋಟೋಗಳಲ್ಲಿ ದತ್ತಪ್ಪನ ಮೂಗಿತ್ತು. ಮೊಬೈಲಿನಲ್ಲಿದ್ದ ಸಾವಿರ ಫೋಟೋಗಳಲ್ಲಿ ಫಿಲ್ಟರಿನ ಮೂಗಿತ್ತು. ಮದುವೆಗೆ ಮೊದಲಿನ ಶಾಲೆಯ ಫೋಟೋಗಳನ್ನು ಅವಳೇ ಹರಿದು ಒಲೆಗೆ ಹಾಕಿದ್ದಳು. ಆಧಾರ್ ಕಾರ್ಡಿನದು ಎದುರಿನಿಂದ ತೆಗೆದದ್ದು, ಅದರಲ್ಲಿ ಮೂಗಿನ ಗೂನೇ ಕಾಣುತ್ತಿರಲಿಲ್ಲ. ಯಾರಾದರೂ ಬದಿಗೆ ನಿಂತು ಕ್ಯಾಮೆರಾ ಎತ್ತಿದರೆ ಸೆರಗು ಅಡ್ಡ ಹಿಡಿಯುತ್ತಿದ್ದವಳು ಅವಳು. ಅಪ್ಪ ಕಲ್ಯಾಣಪ್ಪ ತೀರಿಹೋಗಿ ಆರು ವರ್ಷವಾಗಿತ್ತು, ಗೋಡೆಯ ಮೇಲಿನ ಅವನ ಫೋಟೋವನ್ನೂ ದತ್ತಪ್ಪನೇ ಮೂಗು ತಿದ್ದಿ ದೊಡ್ಡದು ಮಾಡಿ ಕೊಟ್ಟಿದ್ದ. ನಲವತ್ತು ವರ್ಷ ಮುಖದ ಮೇಲೆ ಹೊತ್ತು ತಿರುಗಿದ ಮೂಗಿಗೆ ಈ ಲೋಕದಲ್ಲಿ ಒಂದೂ ಸಾಕ್ಷಿ ಉಳಿದಿರಲಿಲ್ಲ.

ಫೋನಿನಲ್ಲಿ ಇದನ್ನು ಹೇಳಿದಾಗ ಡಾಕ್ಟರ್, ನಿಮ್ಮ ಮನೆಯಲ್ಲಿ ಅಂಥದೇ ಮೂಗಿನವರು ಯಾರಾದರೂ ಇದ್ದಾರೇನು, ಇದ್ದರೆ ಕರೆದುಕೊಂಡು ಬನ್ನಿ ಎಂದ. ಅಂಥ ಮೂಗು ಉಳಿದಿದ್ದದ್ದು ಒಂದೇ, ಅಷ್ಟು ವರ್ಷ ನೀವಿದರೂ ಬಗ್ಗದ ಮಗಳದು.

ಸೃಷ್ಟಿ ಜೇವರ್ಗಿಯ ಹಾಸ್ಟೆಲಿನಲ್ಲಿದ್ದು ಪಿಯುಸಿ ಎರಡನೇ ವರ್ಷ ಓದುತ್ತಿದ್ದಳು. ಆ ತಿಂಗಳಷ್ಟೇ ಹದಿನೆಂಟು ತುಂಬಿತ್ತು. ಊರಿನಲ್ಲಿ ಕಾಲೇಜು ಇದ್ದರೂ ಹಟ ಹಿಡಿದು ಹೊಳೆ ದಾಟಿ ಹೋದವಳು, ಹಬ್ಬಕ್ಕೆ ಬಂದರೂ ಎರಡು ದಿನಕ್ಕೆ ಬ್ಯಾಗು ಕಟ್ಟುತ್ತಿದ್ದಳು. ಭಾಗ್ಯಜ್ಯೋತಿ ಶನಿವಾರ ಬಸ್ಸು ಹತ್ತಿ ಹೋಗಿ, ಹಾಸ್ಟೆಲಿನ ಗೇಟಿನ ಹೊರಗೆ ಬೇವಿನ ಕೆಳಗೆ ಮಗಳನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಹೇಳುವಾಗ ಮಗಳ ಕಣ್ಣು ನೋಡಲಾಗದೆ ಕೈಯಲ್ಲಿದ್ದ ಚೀಲದ ಹಿಡಿಕೆ ತಿರುವುತ್ತಿದ್ದಳು. ಹುಡುಗಿ ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದಳು. ಸೃಷ್ಟಿ ಪೂರಾ ಕೇಳಿಸಿಕೊಂಡು, ಆಯ್ತು, ಬರುತ್ತೇನೆ ಎಂದಳು. ಅಷ್ಟು ಸಲೀಸಾಗಿ ಒಪ್ಪಿದ್ದಕ್ಕೆ ತಾಯಿ ಹುಚ್ಚಿಯಂತೆ ಖುಷಿಪಟ್ಟಳು, ಬರುವಾಗ ದಾರಿಯಲ್ಲಿ ಮಗಳಿಗೆಂದು ಪೇಡೆ ತೆಗೆದುಕೊಂಡಳು.

ಸೋಲಾಪುರದಲ್ಲಿ ಡಾಕ್ಟರ್ ಸುಧೀರ ಸೃಷ್ಟಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಬೆಳಕು ಹಾಕಿ, ಎದುರಿಂದ, ಎಡದಿಂದ, ಬಲದಿಂದ, ಕೆಳಗಿನಿಂದ ಫೋಟೋ ತೆಗೆದ. ಸಣ್ಣ ಅಳತೆಪಟ್ಟಿ ಇಟ್ಟು ಬರೆದುಕೊಂಡ. ಆಮೇಲೆ ಕಾಗದದ ಮೇಲೆ ಗೀಚಿ ಭಾಗ್ಯಜ್ಯೋತಿಗೆ ತೋರಿಸಿದ. ಪೂರಾ ಹೀಗೇ ಆಗುವುದಿಲ್ಲ, ಹತ್ತಿರ ತರಬಹುದು, ಉಸಿರಂತೂ ಸರಿಹೋಗುತ್ತದೆ, ಒಪ್ಪಿಗೆಯೇ ಎಂದು ಕೇಳಿದ.

"ಒಪ್ಪಿಗಿ ಅದ್ರಿ," ಎಂದಳು ಭಾಗ್ಯಜ್ಯೋತಿ. "ನನಗ ಇದೇ ಮೂಗು ಬೇಕ್ರಿ."

ಹಾಗೆಂದು, ಇಂಥದು ಎಂದು ತೋರಿಸಲು ಮಗಳ ಮುಖದ ಕಡೆ ಕೈ ಚಾಚಿದಳು. ಸೃಷ್ಟಿ ಥಟ್ಟನೆ ಮುಖ ಹಿಂದಕ್ಕೆ ಎಳೆದುಕೊಂಡಳು. ಡಾಕ್ಟರ್ ಅದನ್ನು ನೋಡಿಯೂ ನೋಡದಂತೆ ಕಾಗದ ಮಡಚಿದ. ಸೃಷ್ಟಿ ಸ್ಟೂಲಿನಿಂದ ಇಳಿಯಲಿಲ್ಲ.

"ಡಾಕ್ಟ್ರೇ, ನಂದು ಸಣ್ಣ ಮಾಡಬೇಕಂದ್ರ ಎಷ್ಟು ದಿನ ಹಿಡೀತದ್ರಿ? ನನಗ ಹದಿನೆಂಟು ಆಗ್ಯಾವ."

ಭಾಗ್ಯಜ್ಯೋತಿ ಎದ್ದು ನಿಂತೇಬಿಟ್ಟಳು. ಮಾಸ್ಕು ಕೊರಳಿಗೆ ಇಳಿದದ್ದು, ಕುಸಿದ ಮೂಗು ಬೆಳಕಿಗೆ ಬಿದ್ದದ್ದು ಅವಳಿಗೆ ಲಕ್ಷ್ಯಕ್ಕೇ ಬರಲಿಲ್ಲ. ಮಗಳೇ, ನನ್ನ ಮುಖ ನೋಡಿಯಾದರೂ ಬುದ್ಧಿ ಕಲಿ ಎಂದಳು. ನಿನ್ನ ಕಾಲು ಹಿಡಿಯುತ್ತೇನೆ ಎಂದಳು. ಡಾಕ್ಟರೂ ನಡುವೆ ಬಾಯಿ ಹಾಕಿ, ಇಂಥ ಮೂಗಿಗೆ ನಾನು ಕತ್ತರಿ ಮುಟ್ಟಿಸುವುದಿಲ್ಲ, ಬೇರೆಯವರ ಹತ್ತಿರವೂ ಹೋಗಬೇಡ ಎಂದ. ಸೃಷ್ಟಿ ಅವನ ಮಾತು ಕೇಳಿಸಿಕೊಳ್ಳಲಿಲ್ಲ, ತಾಯಿಯನ್ನೇ ನೋಡುತ್ತಿದ್ದಳು.

"ನಿನ್ನ ಮೂಗು ಛಲೋ ಅದ ಬೇ," ಎಂದಳು ಭಾಗ್ಯಜ್ಯೋತಿ. ಹದಿನೆಂಟು ವರ್ಷದಲ್ಲಿ ಈ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು. "ಖರೇ ಹೇಳಾಕತ್ತೇನಿ, ಭಾಳ ಚಂದ ಅದ."

ಸೃಷ್ಟಿ ಸ್ಟೂಲಿನಿಂದ ಇಳಿದು ಬ್ಯಾಗು ಹೆಗಲಿಗೆ ಹಾಕಿಕೊಂಡಳು.

"ಈಗ ನಿನಗ ಬೇಕಾಗ್ಯಾದಲ್ಲವ್ವ," ಎಂದಳು. "ಅದಕ್ಕ ಚಂದ ಕಾಣಾಕತ್ತದ."

ಸಿಟ್ಟಿನಿಂದ ಹೇಳಿದ್ದರೆ ತಾಯಿ ತಾಳಿಕೊಳ್ಳುತ್ತಿದ್ದಳು, ಹುಡುಗಿ ಬಸ್ಸಿನ ಹೊತ್ತು ಹೇಳುವ ಧ್ವನಿಯಲ್ಲಿ ಹೇಳಿ ಹೊರಗೆ ಹೋದಳು. ಡಾಕ್ಟರ್ ಆಪರೇಶನ್ನಿಗೆ ಬರುವ ತಿಂಗಳ ಒಂಬತ್ತನೇ ತಾರೀಖು ಗೊತ್ತು ಮಾಡಿ, ಸಹಿ ಹಾಕಿ ಎಂದು ಕಾಗದ ಮುಂದಿಟ್ಟ. ಭಾಗ್ಯಜ್ಯೋತಿ ಸಹಿ ಹಾಕಿದಳು.